ನಮ್ಮ ಮಂಚದ ರಾತ್ರಿಪಾಳಿಯವರಿಗೆ

ಮಾನ್ಯ ಮೊಹರಣ್ಣನವರಿಗೆ,

ಈ ಕೆಳಗೆ ಸಹಿ ಮಾಡುವ ನಾನು, ಯಾರ ಬಲವಂತವೂ ಇಲ್ಲದೆ, ಸ್ವಸ್ಥ ಮನಸ್ಸಿನಿಂದ ಮತ್ತು ಸ್ವಚ್ಛ ಮೈಯಿಂದ ಒಪ್ಪಿಕೊಳ್ಳುವುದೇನೆಂದರೆ, ಸದರಿ ಮೈ ಸ್ವಚ್ಛವಾಗಿದ್ದದ್ದು ನಿಮ್ಮ ಸಾಬೂನಿನಿಂದ. ವರ್ಷಗಟ್ಟಲೆ ಅದನ್ನು ಕದ್ದು ಬಳಸಿದ್ದೇನೆ. ಕಳ್ಳ ಸಿಗಲೆಂದು ನೀವು ಅದರ ಮೇಲೆ ಉಗುರಿನಿಂದ ಒಂದು ಗೀರು ಎಳೆದಿಡುತ್ತಿದ್ದಿರಿ. ಆದರೆ ಕಳ್ಳ ಕಾಲೇಜು ಓದಿದವನು. ಗೀರಿಗೆ ನೋವಾಗದಂತೆ ಸಾಬೂನನ್ನು ಮಗುಚಿ, ಹೊಟ್ಟೆಯ ಕಡೆಯಿಂದ ಉಜ್ಜಿಕೊಂಡು, ಟವಲಿನಲ್ಲಿ ಒರೆಸಿ, ನೀವಿಟ್ಟ ಹಾಗೇ ಡಬ್ಬಿಯಲ್ಲಿ ಮಲಗಿಸುತ್ತಿದ್ದ. ನೀವು ಅಂಗಡಿಯವನ ಜೊತೆ ಜಗಳಕ್ಕೇ ಹೋದಿರಂತೆ, "ನಿನ್ನ ಸೋಪು ಒಳಗಿನಿಂದ ಸವೆಯುತ್ತಲ್ಲಯ್ಯಾ!" ಅಂತ. ನಮ್ಮ ಮನೆಯೊಡತಿ ದೊಡ್ಡಮ್ಮ ಇದನ್ನು ಹೇಳಿದಾಗ ನಾನು ನಿಮ್ಮದೇ ಪರಿಮಳ ಬೀರುತ್ತ ನಿಂತು, "ಈಗಿನ ಕಾಲದಲ್ಲಿ ಯಾರನ್ನು ನಂಬೋದು ದೊಡ್ಡಮ್ಮ" ಎಂದು ನಿಟ್ಟುಸಿರು ಬಿಟ್ಟಿದ್ದೆ. ಈ ಸಾಬೂನಿಗೆ ನನ್ನ ಬಳಿ ಯಾವ ಸಬೂಬೂ ಇಲ್ಲ.

ಗೊತ್ತಿರುವುದನ್ನೇ ಮತ್ತೆ ಹೇಳುವುದು ನನ್ನ ಚಟ. ಅದಕ್ಕೇ ಸಂಬಳ ಪಡೆಯುತ್ತಿದ್ದೆ. ಆದ್ದರಿಂದ ಹೇಳುತ್ತೇನೆ, ಕೇಳಿ. ದೊಡ್ಡಮ್ಮನ ಮನೆಯಲ್ಲಿ ಇದ್ದ ಮಂಚಗಳಿಗಿಂತ ಮಲಗುವವರು ಎರಡರಷ್ಟು. ಮಂಚಕ್ಕೆ ಇಬ್ಬರು, ಪಾಲಿನಲ್ಲಿ ಅಲ್ಲ, ಪಾಳಿಯಲ್ಲಿ. ರಾತ್ರಿ ಮಲಗುವವರು ಕಚೇರಿ, ಕಾರ್ಖಾನೆ, ಅಂಗಡಿಯವರು. ಹಗಲು ಮಲಗುವವರು ನಾವು, ಕ್ಲಬ್ಬು, ಬಾರು, ಡಾನ್ಸ್ ಹಾಲುಗಳವರು. ನೀವು ಹೊರಟ ಮೇಲೆ ದೊಡ್ಡಮ್ಮ ಬಂದು ಹಾಸಿಗೆಯನ್ನು ದೋಸೆಯಂತೆ ಮಗುಚಿ ಹಾಕುತ್ತಿದ್ದಳು. ಒಂದು ಮಗ್ಗುಲು ನಿಮ್ಮದು, ಇನ್ನೊಂದು ನನ್ನದು. ಚಾದರ ಬೇರೆ, ಗೋಡೆಯ ಮೊಳೆ ಬೇರೆ. "ನನ್ನ ಮಂಚ ತಣ್ಣಗಾದ್ರೆ ನನ್ನ ಒಲೆ ತಣ್ಣಗಾಗುತ್ತೆ" ಎಂಬುದು ಅವಳ ಅರ್ಥಶಾಸ್ತ್ರ. ಒಂದೇ ಮಂಚದಲ್ಲಿ ವರ್ಷಗಟ್ಟಲೆ ಮಲಗಿದರೂ ನಾವಿಬ್ಬರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಎಷ್ಟೋ ದಂಪತಿಗಳಿಗೆ ಈ ಭಾಗ್ಯವಿಲ್ಲ.

ಆದರೂ ನನಗೆ ನೀವು ಗೊತ್ತಿದ್ದಿರಿ. ನೀವು ಎಡಕ್ಕೆ ತಿರುಗಿ ಮಲಗುವವರು, ಮಂಚ ಎಡಕ್ಕೇ ತಗ್ಗಿತ್ತು. ತಲೆಗೆ ಮಿತಿಮೀರಿ ಎಣ್ಣೆ ಹಚ್ಚುವವರು. ಎರಡೇ ಅಂಗಿ ಇರುವವರು: ಒಂದು ನಿಮ್ಮ ಮೈಮೇಲೆ, ಒಂದು ನಿಮ್ಮ ಮೊಳೆಯ ಮೇಲೆ. ಆ ಅಂಗಿಯ ತೋಳಿನಲ್ಲಿ ಕೆಂಪು ಹನಿಗಳು ಇರುತ್ತಿದ್ದವು. ಮೊದಲು ನಿಮ್ಮನ್ನು ಆಸ್ಪತ್ರೆಯ ಕಾಂಪೌಂಡರ್ ಅಂದುಕೊಂಡೆ, ಆಮೇಲೆ ಕಟುಕ ಅಂದುಕೊಂಡು ಒಂದೆರಡು ದಿನ ಬಾಗಿಲಿಗೆ ಚಿಲಕ ಹಾಕಿ ಮಲಗಿದೆ. ನಗರಸಭೆಯ ಪರವಾನಗಿ ವಿಭಾಗದಲ್ಲಿ ಅರಗು ಕರಗಿಸಿ ಮೊಹರು ಒತ್ತುವ ಗುಮಾಸ್ತರು ಎಂಬುದು ಹೊಳೆಯಲೇ ಇಲ್ಲ.

ಒಂದು ದಿನ ಆ ಅಂಗಿಯ ಎದೆಯ ಗುಂಡಿ ಬಿದ್ದುಹೋಗಿತ್ತು. ಮಲಗಿದರೆ ಕಣ್ಣೆದುರೇ ಆ ತೂತು. ಕಣ್ಣು ಮುಚ್ಚಿದರೂ ಅದು ನನ್ನನ್ನು ನೋಡುತ್ತಿತ್ತು. ಎದ್ದೆ. ನನ್ನ ಜೇಬಿನಲ್ಲಿ ಸೂಜಿ, ದಾರ ಯಾವಾಗಲೂ ಇರುತ್ತಿದ್ದವು. ಕುಣಿಯುವ ಹುಡುಗಿಯರ ಲಂಗದಿಂದ ಕಿತ್ತುಹೋದ ಮಿಣುಕುಗಳನ್ನು ಪರದೆಯ ಹಿಂದೆ ಹೊಲಿದುಕೊಡುವುದೂ ನನ್ನ ಕೆಲಸಗಳಲ್ಲೊಂದು. ದಾರ ಬಂಗಾರದ ಬಣ್ಣದ್ದು. ಅದರಿಂದಲೇ, ಮಂಚದಡಿ ಸಿಕ್ಕ ನಿಮ್ಮ ಬಿಳಿ ಗುಂಡಿಯನ್ನು ಹೊಲಿದು ನಿದ್ದೆ ಹೋದೆ. ನೀವು ಏನೂ ಹೇಳಲಿಲ್ಲ, ಹೇಳುವುದಾದರೂ ಯಾರಿಗೆ? ಆದರೆ ಕೆಲವು ದಿನಗಳಲ್ಲಿ ಕಿಟಕಿಗೆ ಒಂದು ದಪ್ಪ ಕಪ್ಪು ಬಟ್ಟೆ ಬಂತು, ನಾಲ್ಕು ಮೂಲೆಗೂ ಮೊಳೆ ಹೊಡೆದು. ರಾತ್ರಿ ಮಲಗುವವರಿಗೆ ಬಿಸಿಲಿನ ಪರದೆ ಯಾಕೆ? ಅದು ನನ್ನ ಕಣ್ಣಿಗಾಗಿ. ನನ್ನ ಹಗಲಿಗೆ ಒಂದು ರಾತ್ರಿಯನ್ನು ಮೊಳೆ ಹೊಡೆದು ಕೊಟ್ಟವರು ನೀವು. ನಮ್ಮ ಮಾತುಕತೆ ಅಷ್ಟೇ: ಒಂದು ಗುಂಡಿ, ಒಂದು ಬಟ್ಟೆ. ಕದ್ದ ಸಾಬೂನನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನನ್ನ ಕೆಲಸವೇನೆಂದು ನಿಮಗೆ ಆಗ ಗೊತ್ತಿರಲಿಲ್ಲ. ಒಂದು ಕುಣಿತ ಮುಗಿದು ಇನ್ನೊಂದು ಶುರುವಾಗುವವರೆಗೆ ವೇದಿಕೆಯ ಮೇಲೆ ನಿಂತು ಜನರನ್ನು ನಗಿಸುವುದು. ಹುಡುಗಿಯರು ಉಸಿರು ಎಳೆದುಕೊಳ್ಳಲಿ, ಗಿರಾಕಿಗಳು ಇನ್ನೊಂದು ಗ್ಲಾಸು ತರಿಸಲಿ ಎಂದು. ಸಾಹಿತ್ಯದಲ್ಲಿ ಪದವಿ ಪಡೆದವನಾದ್ದರಿಂದ ಹುಡುಗಿಯರು "ಮೇಷ್ಟ್ರೇ" ಎನ್ನುತ್ತಿದ್ದರು. ಬಕ್ಕತಲೆಯನ್ನು, ಮೋಟು ಕಾಲನ್ನು, ಓದಿದ ಪದವಿಯನ್ನು ದಿನವೂ ಹರಾಜಿಗೆ ಇಡುತ್ತಿದ್ದೆ. ಒಂದು ವಿಷಯದಲ್ಲಿ ಮಾತ್ರ ಜಂಬ ಕೊಚ್ಚಿಕೊಳ್ಳಲು ಬಿಡಿ: ಜನ ನನ್ನನ್ನು ನೋಡಿ ನಕ್ಕರೆ ನನಗೆ ಒಂದಿಷ್ಟೂ ನಾಚಿಕೆಯಿಲ್ಲ. ನಾಚಿಕೆಯನ್ನು ಮೊದಲ ದಿನವೇ ಗ್ರೀನ್ ರೂಮಿನಲ್ಲಿ ಕಳಚಿಟ್ಟು ಬಂದವನು ನಾನು. ಈ ಊರಿನಲ್ಲಿ ನಗೆಗೆ ಹೆದರದ ಒಬ್ಬನೇ ಗಂಡಸು.

ಆಮೇಲೆ ನಿಮ್ಮ ಹೊಸ ಸಾಹೇಬರು ಬಂದರು. ಊರಿನ ಶೀಲ ಕಾಪಾಡಲು ಸೀಲು ಬೇಕು ಎಂದರು. ಒಂದೊಂದೇ ಬಾಗಿಲು ಮುಚ್ಚುತ್ತ ಬಂತು. ನಮ್ಮ ಬೀದಿಯಲ್ಲಿ ಕ್ಲಬ್ಬುಗಳು ಮುಚ್ಚಿದ್ದು ಮಾತ್ರವಲ್ಲ; ಸಂಜೆ ಬಾಗಿಲು ತೆರೆಯುತ್ತಿದ್ದ ಇಸ್ತ್ರಿಯವನು ಮುಚ್ಚಿದ, ಸುಳ್ಳು ರೆಪ್ಪೆ ಮಾರುವವಳು ಗಾಜಿನ ಪೆಟ್ಟಿಗೆ ಎತ್ತಿಕೊಂಡು ಹೋದಳು, ಟ್ಯಾಕ್ಸಿಯವರು ಬೇರೆ ಸ್ಟ್ಯಾಂಡು ಹುಡುಕಿದರು. ಮರ್ಯಾದಸ್ಥರ ಮನೆಗಳ ಕಿಟಕಿಗಳು ಮಾತ್ರ ತೆರೆದುಕೊಂಡವು, ಬೀದಿ ಎಷ್ಟು ಶುದ್ಧವಾಗಿದೆ ನೋಡೋಣ ಎಂದು. ನೋಡಲು ಏನೂ ಇಲ್ಲವೆಂದು ಗೊತ್ತಾದ ಮೇಲೆ ಅವೂ ಮುಚ್ಚಿಕೊಂಡವು. ಪಾಪ, ಅವರಿಗೂ ಮನರಂಜನೆ ಹೋಯಿತು.

ನಮ್ಮ ಸರದಿ ಬಂದದ್ದು ಒಂದು ಮಧ್ಯಾಹ್ನ. ಹುಡುಗಿಯರು ಗಂಟು, ಗೆಜ್ಜೆ, ಕನ್ನಡಿ ಎಲ್ಲ ಹೊತ್ತುಕೊಂಡು ಫುಟ್‌ಪಾತಿನ ಮೇಲೆ ನಿಂತಿದ್ದರು. ನಿಮ್ಮ ಸಾಹೇಬರು, ಪೊಲೀಸರು, ಪತ್ರಿಕೆಯ ಫೋಟೋದವನು, ಸುಮ್ಮನೆ ನೋಡುವವರು ಎಲ್ಲ ಇದ್ದರು. ನಾನು ಕೆಲಸ ಹೋದವನು. ಆದರೆ ಎದುರಿಗೆ ಇಷ್ಟು ಜನ ಸೇರಿದರೆ ನನ್ನ ಬಾಯಿಗೆ ಕೆಲಸ ಹೋಗಿದೆ ಎಂದು ಯಾರೂ ತಿಳಿಸಿರಲಿಲ್ಲ. ನೀವು ಒಂದು ಮೇಣದ ಬತ್ತಿ, ಅರಗಿನ ಕಡ್ಡಿ, ಹಿತ್ತಾಳೆಯ ಮೊಹರು ಹಿಡಿದು ಬಂದಿರಿ. ಗಾಳಿಗೆ ಬತ್ತಿ ಆರುತ್ತಿತ್ತು. ಹತ್ತಿರವಿದ್ದ ನನ್ನನ್ನು ನೋಡಿ, "ಸ್ವಲ್ಪ ಅಡ್ಡ ನಿಲ್ತೀರಾ? ಗಾಳಿ ಬರ್ತಿದೆ" ಎಂದಿರಿ. ನಮ್ಮ ಬಾಗಿಲಿಗೆ ಹಾಕುವ ಸೀಲಿಗೆ ನಾನೇ ಗೋಡೆಯಾಗಿ ನಿಂತೆ. ನೀವು ಬಗ್ಗಿದಿರಿ. ಬತ್ತಿಯ ಬೆಳಕು ನಿಮ್ಮ ಎದೆಯ ಗುಂಡಿಗೆ ಬಿತ್ತು. ಬಂಗಾರದ ದಾರ ಮಿಣಕ್ ಎಂದಿತು.

ಎಂದೋ ಅರೆನಿದ್ದೆಯಲ್ಲಿ ಹೊಲಿದದ್ದು; ನೆನಪಾಗಲಿಲ್ಲ. ನೆನಪಾದದ್ದು ಇಷ್ಟೇ: ಈ ದಾರ ನಮ್ಮ ಗ್ರೀನ್ ರೂಮಿನದು. ಅಂದರೆ ಈ ಗುಮಾಸ್ತ ಗ್ರೀನ್ ರೂಮಿಗೆ ಬಂದುಹೋದವನು! ನಾನು ಗಂಟಲು ಸರಿಮಾಡಿಕೊಂಡೆ.

"ಸಾಹೇಬ್ರೇ, ಬಾಗಿಲಿಗೆ ಆಮೇಲೆ ಸೀಲು ಹಾಕಿಸೋರಂತೆ. ಮೊದಲು ಇವರ ಅಂಗಿ ನೋಡಿ! ನಮ್ಮ ಹುಡುಗೀರ ಲಂಗದ ದಾರ ಇವರ ಎದೆ ಮೇಲೆ ಹೇಗೆ ಬಂತು?"

ಜನ ಗೊಳ್ಳೆಂದು ನಕ್ಕರು. ಸಾಹೇಬರು ಹತ್ತಿರ ಬಂದು ನಿಮ್ಮ ಗುಂಡಿಯನ್ನು ಬೆರಳಿನಿಂದ ಎತ್ತಿ ನೋಡಿದರು. "ಏನ್ರೀ ಇದು? ಯಾರು ಹೊಲಿದದ್ದು?"

ಬಿಸಿ ಅರಗು ನಿಮ್ಮ ಬೆರಳಿನ ಮೇಲೆ ಇಳಿಯುತ್ತಿತ್ತು. ನೀವು ಕೈ ಕೊಡವಲಿಲ್ಲ. "ಗೊತ್ತಿಲ್ಲ ಸರ್. ಸಂಜೆ ಬಂದು ನೋಡಿದಾಗ ಹೊಲಿದಿತ್ತು. ಹಗಲು ನನ್ನ ಹಾಸಿಗೇಲಿ ಮಲಗೋರು ಹೊಲಿದಿರಬೇಕು. ನಾನು ಅವರ ಮುಖ ನೋಡಿಲ್ಲ."

ನನ್ನ ಜೀವಮಾನದಲ್ಲಿ ಅಂಥ ನಗೆ ನಾನು ಕೇಳಿಲ್ಲ. ಪೊಲೀಸರು ಲಾಠಿ ಊರಿಕೊಂಡು ನಕ್ಕರು. ಗಂಟು ಹೊತ್ತು ಬೀದಿಗೆ ಬಿದ್ದ ಹುಡುಗಿಯರೂ ನಕ್ಕರು. ನಿಮ್ಮ ಮಾತು ಮುಗಿದ ಕ್ಷಣವೇ ನೀವು ಯಾರೆಂದು ನನಗೆ ತಿಳಿಯಿತು, ಮೊಹರಣ್ಣ. ಎಡ ಮಗ್ಗುಲು, ತಲೆ ಎಣ್ಣೆ, ತೋಳಿನ ಕೆಂಪು ಹನಿ, ಎಲ್ಲ ಎದುರಿಗೇ ನಿಂತಿತ್ತು. ಆದರೆ ನಗೆ ಏರುತ್ತಿತ್ತು. ಏರುತ್ತಿರುವ ನಗೆಯನ್ನು ಅರ್ಧಕ್ಕೆ ಬಿಡುವವನು ನಮ್ಮ ಕಸುಬಿನಲ್ಲಿ ಇಲ್ಲ. "ಮುಖ ನೋಡೋಕೆ ಪುರುಸೊತ್ತಾದ್ರೂ ಎಲ್ಲಿತ್ತು ಬಿಡಿ!" ಎಂದೆ. ಫೋಟೋದವನು ಕ್ಲಿಕ್ಕಿಸಿದ. ಮಾರನೆಯ ದಿನ ಪತ್ರಿಕೆಯಲ್ಲಿ ನಿಮ್ಮ ಚಿತ್ರ ಬಂತು, ಎದೆಯ ಗುಂಡಿಯ ಸುತ್ತ ಒಂದು ವೃತ್ತ ಎಳೆದು. ನಿಮ್ಮನ್ನು ಅಮಾನತಿನಲ್ಲಿಟ್ಟರು. ಅಮಾನತು ಎಂದರೆ ಜೋಪಾನವಾಗಿ ಇಡುವುದು ಎಂದು ನಾನು ಕಾಲೇಜಿನಲ್ಲಿ ಓದಿದ್ದೆ.

ನೀವು ಮೊದಲ ಸಲ ಹಗಲಿನಲ್ಲಿ ಮನೆಗೆ ಬಂದದ್ದು ಅದಾದ ಕೆಲವು ದಿನಕ್ಕೆ. ನಾನು ಮಂಚದ ಮೇಲಿದ್ದೆ. ಕೆಲಸ ಹೋದರೂ ದೇಹ ಹಗಲೇ ಮಲಗುತ್ತಿತ್ತು. ನೀವು ಬಾಗಿಲ ಬಳಿ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ನಿಂತು, "ತಪ್ಪು ತಿಳೀಬೇಡಿ, ನಿಮ್ಮ ಪಾಳಿ ಅಂತ ಗೊತ್ತು" ಎಂದಿರಿ. ನಿಮ್ಮ ಮಾನ ತೆಗೆದವನ ಮುಂದೆ ನಿಂತು, ಅವನ ನಿದ್ದೆ ಕೆಡಿಸಿದ್ದಕ್ಕೆ ನೀವು ಕ್ಷಮೆ ಕೇಳುತ್ತಿದ್ದಿರಿ. ನನ್ನ ಗುರುತು ನಿಮಗೂ ಸಿಕ್ಕಿತು. ಬೈಯಬಹುದೆಂದು ಕಾದೆ, ಬೈದರೆ ನನ್ನಲ್ಲಿ ಉತ್ತರಗಳಿದ್ದವು. ನೀವು ಬೈಯಲಿಲ್ಲ.

ಮಂಚದ ಅಂಚಿನಲ್ಲಿ, ನನ್ನ ಮಗ್ಗುಲಿನ ಮೇಲೆ, ಪೂರ್ತಿ ಕೂರದೆ ಕೂತಿರಿ. ಸುಟ್ಟ ಬೆರಳಿಗೆ ಬಟ್ಟೆ ಸುತ್ತಿತ್ತು. ಹೇಳಿದಿರಿ: ನೌಕರರ ವಸತಿಯಲ್ಲಿ ನಿಮಗೊಂದು ಮನೆ ಮಂಜೂರಾಗಿತ್ತು, ಒಂದು ಕೋಣೆ, ಒಂದು ಅಡುಗೆಮನೆ. ತನ್ನ ಅಣ್ಣನ ಮನೆಯಲ್ಲಿ ಅತ್ತಿಗೆಯ ಮೂದಲಿಕೆ ಕೇಳುತ್ತ ಬಿದ್ದಿದ್ದ ಹೆಂಡತಿಯನ್ನು ಕರೆತರುವವರಿದ್ದಿರಿ. ಈಗ ಮನೆ ತಡೆಹಿಡಿದಿದ್ದಾರೆ. ಹೆಂಡತಿಗೆ ಯಾರೋ ಪತ್ರಿಕೆ ಓದಿ ಹೇಳಿದ್ದಾರೆ. ಹಗಲು ನಿಮ್ಮ ಹಾಸಿಗೆಯಲ್ಲಿ ಮಲಗುವವರು ಯಾರು ಎಂದು ಅವಳ ಅಣ್ಣ ಕೇಳಿ ಕಳಿಸಿದ್ದಾನೆ.

"ಸೋಮವಾರ ವಿಚಾರಣೆ. ಗುಂಡಿ ಹೊಲಿದದ್ದು ನಾನು ಅಂತ ನೀವು ಬಂದು ಒಂದು ಮಾತು ಹೇಳಿದ್ರೆ ಸಾಕು. ಎರಡೂ ಕಡೆ ಸರಿಹೋಗುತ್ತೆ."

"ಬರ್ತೀನಿ" ಎಂದೆ.

"ಆವತ್ತು ಚೆನ್ನಾಗಿ ಮಾತಾಡಿದ್ರಿ. ಎಲ್ಲರೂ ಕೇಳಿದ್ರು. ಅಲ್ಲೂ ಹಾಗೇ ಮಾತಾಡಿ." ನಿಮ್ಮ ದನಿಯಲ್ಲಿ ಚುಚ್ಚು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಅದೇ ಚುಚ್ಚಿತು.

ಅದೇ ವಾರ ದೊಡ್ಡಮ್ಮನ ಮನೆಯ ಹೆಂಗಸರ ಕೋಣೆಯಲ್ಲೂ ಒಂದು ವಿಚಾರಣೆ ನಡೆಯಿತು. ಕ್ಲಬ್ಬಿನಲ್ಲಿ ಒಂಟಿ ಕಾಲಿನ ಮೇಲೆ ಗಿರಗಿರನೆ ಸುತ್ತುತ್ತಿದ್ದ ನಮ್ಮ ಗಿರಿಗಿಟ್ಲೆ ಈಗ ರಾತ್ರಿಯೂ ಮನೆಯಲ್ಲೇ. ಅವಳ ಮಂಚದ ರಾತ್ರಿಪಾಳಿ ಒಬ್ಬ ಪ್ಯಾಕಿಂಗ್ ಕಾರ್ಖಾನೆಯ ಹುಡುಗಿಯದು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆಯೇ ಒಂದೇ ಬಾಚಣಿಗೆ ಬಳಸಿದವರು. ತನ್ನ ಹಾಸಿಗೆಯ ಇನ್ನೊಂದು ಮಗ್ಗುಲಿನವಳು ಕ್ಲಬ್ಬಿನವಳು ಎಂದು ಗೊತ್ತಾದ ಕೂಡಲೇ ಹುಡುಗಿ ಹಾಸಿಗೆಯನ್ನು ಅಂಗಳಕ್ಕೆ ಎಳೆದು ಫಿನಾಯಿಲ್ ಸುರಿದಳು. ಗಿರಿಗಿಟ್ಲೆ ಗಂಟು ಕಟ್ಟುತ್ತ, "ಇಷ್ಟು ದಿನ ನನ್ನ ಬೆವರಿನ ಮೇಲೇ ಮಲಗಿದ್ಯಲ್ಲೇ ತಂಗಿ, ವಾಸನೆ ಈಗ ಬಂತಾ?" ಎಂದಳು. ದೊಡ್ಡಮ್ಮ ಇಬ್ಬರನ್ನೂ ನೋಡಿದಳು. ಬಾಡಿಗೆ ಕೊಡುವವಳ ಕಡೆ ನ್ಯಾಯವಾಯಿತು.

ಗಿರಿಗಿಟ್ಲೆ ಈಗ ಸುಧಾರಣಾ ಕೇಂದ್ರದಲ್ಲಿದ್ದಾಳೆ. ವಾರಕ್ಕೊಮ್ಮೆ ದಾನಿಗಳ ಮನೆಯ ಹೆಂಗಸರು ಬರುತ್ತಾರೆ. ಕೇಂದ್ರದವರು ಸಾಲಾಗಿ ನಿಂತು ತಾವು ಹಾಳಾದ ಕಥೆ ಹೇಳಬೇಕು. ಮೊದಲ ವಾರ ಅವಳು ನಿಜ ಹೇಳಿದಳಂತೆ. "ಕುಣಿಯೋದು ನನಗೆ ಇಷ್ಟ ಇತ್ತು ಅಂದೆ ಮೇಷ್ಟ್ರೇ. ಆವತ್ತು ಊಟಕ್ಕೆ ಕರೀಲಿಲ್ಲ." ಈಗ ಅವಳ ಕಥೆಗಳನ್ನು ನಾನು ಬರೆದುಕೊಡುತ್ತೇನೆ, ವಾರಕ್ಕೊಂದು ಪತನ. "ಮಲತಾಯಿ ಚೆನ್ನಾಗಿ ಓಡಿದಳು. ಈ ಸಲ ಸ್ವಲ್ಪ ಬೆಂಕಿ ಹಾಕಿ. ಅವರು ಅತ್ತ ದಿನ ಬಿಸ್ಕತ್ತು ಕೊಡ್ತಾರೆ" ಎನ್ನುತ್ತಾಳೆ. ನಗಿಸುವುದಕ್ಕಿಂತ ಅಳಿಸುವುದರಲ್ಲಿ ನನಗೆ ಹೆಚ್ಚು ಯಶಸ್ಸು ಸಿಕ್ಕಿದೆ. ಹಗಲು ಒಂದು ಚಪ್ಪಲಿ ಅಂಗಡಿಯ ಮುಂದೆ ಮೈಕು ಹಿಡಿದು, ಬನ್ನಿ ಬನ್ನಿ, ಎಡಗಾಲಿಗೆ ಕೊಂಡರೆ ಬಲಗಾಲಿಗೆ ಉಚಿತ ಎಂದು ಕೂಗುತ್ತೇನೆ. ಯಾರೂ ನಿಲ್ಲುವುದಿಲ್ಲ.

ನೀವು ಮನೆ ಬಿಟ್ಟ ದಿನ ನಾನು ಅಂಗಡಿಯಲ್ಲಿದ್ದೆ. ಹಾಗೆಂದು ದೊಡ್ಡಮ್ಮನಿಗೆ ಹೇಳಿದ್ದೆ. ಬೀದಿಯ ತಿರುವಿನಲ್ಲಿ ನಿಂತು, ನೀವು ಟ್ರಂಕು ಹೊತ್ತು ಹೋಗುವುದನ್ನು ನೋಡಿದೆ. ಕೆಲಸ ಹೋಯಿತು, ಮನೆ ಬೇರೆಯವರಿಗೆ ಹೋಯಿತು. ಹೆಂಡತಿ ಬರುವುದಿಲ್ಲವೆಂದು ಅವಳ ಅಣ್ಣ ತಿಳಿಸಿದನಂತೆ. ಈಗ ಯಾವುದೋ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದೀರಿ, ಅಲ್ಲೇ ಮೂಟೆಗಳ ಮೇಲೆ ಮಲಗುತ್ತೀರಿ ಎಂದು ದೊಡ್ಡಮ್ಮ ಹೇಳಿ ವಿಳಾಸ ಕೊಟ್ಟಳು. ನಿಮ್ಮ ರಾತ್ರಿಪಾಳಿ ನನಗೆ ಬಂತು. ಹೌದು, ನಿಮ್ಮ ಮಗ್ಗುಲಿನಲ್ಲೇ ಮಲಗುತ್ತೇನೆ, ಎಡ ತಗ್ಗಿನಲ್ಲಿ. ಕಪ್ಪು ಬಟ್ಟೆ ಇನ್ನೂ ಕಿಟಕಿಯಲ್ಲಿದೆ. ಈಗ ಅದರಿಂದ ಉಪಯೋಗವಿಲ್ಲ, ಬೆಳಿಗ್ಗೆ ಏಳುವುದು ತಡವಾಗುತ್ತದೆ ಅಷ್ಟೇ.

ಸೋಮವಾರ ನಾನೇಕೆ ಬರಲಿಲ್ಲ ಎಂದು ನೀವು ಕೇಳಿಲ್ಲ. ಬೇರೆಯವರು ಕೇಳಿದರು. ಕೆಲಸ ಹೋದ ನಮ್ಮವರೆಲ್ಲ ಮುಚ್ಚಿದ ಬಾಗಿಲಿನ ಮುಂದೆ ಸಂಜೆ ಸೇರುತ್ತೇವೆ, ಅಲ್ಲಿ ಎದೆಯುಬ್ಬಿಸಿ ಹೇಳಿದೆ: "ನಮ್ಮ ಬಾಗಿಲು ಮುಚ್ಚಿದವನಿಗೆ ನಾನು ಬಾಗಿಲು ತೆರೀಬೇಕಾ? ಗಿರಿಗಿಟ್ಲೆಯ ಹಾಸಿಗೆ ಹೋಯ್ತು, ಅವನದ್ದೂ ಹೋಗಲಿ! ಬೇಕು ಅಂತಲೇ ಹೋಗಲಿಲ್ಲ." ಚಪ್ಪಾಳೆ ಬಿತ್ತು. ಡ್ರಮ್ಮಿನವನು ನನ್ನ ಬೆನ್ನು ತಟ್ಟಿದ. ಯಾರೋ ಒಬ್ಬ ನನ್ನನ್ನು ಹುಲಿ ಎಂದ. ಇದು ಗಿರಿಗಿಟ್ಲೆಯ ಕಿವಿಗೂ ಬಿತ್ತು. ಮುಂದಿನ ಪತನ ತೆಗೆದುಕೊಳ್ಳಲು ಬಂದವಳು, "ನನ್ನ ಲಂಗದ ದಾರ ಎಳೆದದ್ದು ಸಾಲದಾ ಮೇಷ್ಟ್ರೇ, ನನ್ನ ಹೆಸರನ್ನೂ ಎಳೀಬೇಕಾ?" ಎಂದು ಕಾಗದ ಮಡಚಿಕೊಂಡು ಹೋದಳು. ಹುಲಿ ಅವಳ ಹಿಂದೆ ಬಾಗಿಲು ಹಾಕಿಕೊಂಡಿತು.

ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನಾನು ಬಂದಿದ್ದೆ, ಮೊಹರಣ್ಣ. ಮುಖ ಕ್ಷೌರ ಮಾಡಿಸಿಕೊಂಡು, ಡ್ರಮ್ಮಿನವನ ಒಳ್ಳೆಯ ಅಂಗಿ ಸಾಲ ಪಡೆದು, ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ನಗರಸಭೆಯಲ್ಲಿ ವಿಚಾರಣೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಕುರ್ಚಿಯ ಬೆನ್ನ ಮೇಲೆ ನಿಮ್ಮ ಕತ್ತು ಕಾಣುತ್ತಿತ್ತು. ಒಳಗಿದ್ದ ದೊಡ್ಡ ಮನುಷ್ಯನೊಬ್ಬ, "ಹಗಲು ಮಲಗೋರು ಗಂಡಸೋ ಹೆಂಗಸೋ?" ಎಂದ. ನೀವು, "ಗಂಡಸು ಸರ್" ಎಂದಿರಿ. ಒಳಗೆ ಎಲ್ಲರೂ ನಕ್ಕರು. ಟೈಪು ಮಾಡುತ್ತಿದ್ದವಳೂ ಕೈ ನಿಲ್ಲಿಸಿ ನಕ್ಕಳು. "ಹೊಲಿಗೆ ಬೇರೆ ಮಾಡಿಕೊಡ್ತಾನಾ? ಬರಲಿ ಬರಲಿ, ನೋಡೋಣ ಆ ಸುಂದರಾಂಗನನ್ನ" ಎಂದ ಇನ್ನೊಬ್ಬ. ನೀವು ನಗೆ ಮುಗಿಯುವವರೆಗೆ ಕಾದು ಹೇಳಿದಿರಿ: "ಬರ್ತಾರೆ ಸರ್. ಮಾತು ಕೊಟ್ಟಿದ್ದಾರೆ."

ಆ ಕೋಣೆಯಲ್ಲಿ ನನಗಾಗಿ ಒಂದು ನಗೆ ಬಾಯಿ ತೆರೆದು ಕಾಯುತ್ತಿತ್ತು. ನಾನು ಕಟ್ಟಿದ ನಗೆಯಲ್ಲ, ಅವರದು. ನಾನು ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಹೊರಗೆ ಸ್ಟೂಲಿನ ಮೇಲಿದ್ದ ಜವಾನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾಕ್ಷಿ ನೀವೇನಾ?" ಎಂದ.

"ಅಲ್ಲಪ್ಪ, ನೀರಿನ ಬಿಲ್ಲು ಕಟ್ಟೋಕೆ ಬಂದೆ" ಎಂದೆ. ಅವನು ದಾರಿ ತೋರಿಸಿದ. ನಂಬಲಿ ಎಂದು ಆ ಸಾಲಿನಲ್ಲೂ ಸ್ವಲ್ಪ ಹೊತ್ತು ನಿಂತೆ.

ನಿಮಗೆ ಬೇಗ ಒಂದು ಪೂರ್ತಿ ಮಂಚ ಸಿಗಲಿ, ಎರಡೂ ಮಗ್ಗುಲು ನಿಮ್ಮದೇ ಆಗಿರಲಿ. ಹೋಗಿಬನ್ನಿ ಎನ್ನುವ ಮುಖ ನನಗಿಲ್ಲ, ಚೆನ್ನಾಗಿರಿ.

ಇಂತಿ,
ನಿಮ್ಮ ಬೆನ್ನ ಹಿಂದೆ ಬಂದು ನಿಂತು ಹೋದ,
ಹಗಲುಪಾಳಿಯವನು